ಬದರೀನಾಥನ ಕುಲಾವಿ

ಬದರೀನಾಥನಿಗೆ ಶತ್ರುಗಳಿರಲಿಲ್ಲ. ಮುಂದೆ ಪಿಸ್ತೂಲಿನ ವಿಷಯ ಬರುವುದರಿಂದ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಲವತ್ತೇಳು ವರ್ಷದ ಬಾಳಿನಲ್ಲಿ ಅವನು ದನಿ ಎತ್ತಿದ್ದು ಒಂದೇ ಸಲ, ಅದೂ ಫೋನಿನೊಳಗಿನ ಯಂತ್ರವೊಂದು "ನಿಮ್ಮ ಕರೆ ನಮಗೆ ಮುಖ್ಯ" ಎಂದು ಮೂವತ್ತನೆಯ ಬಾರಿ ಹೇಳಿದಾಗ. ಆಮೇಲೆ ಅದಕ್ಕೂ ಸಾರಿ ಅಂದಿದ್ದ.

ಡೆಟ್ರಾಯಿಟ್ ಹತ್ತಿರದ ವಾರೆನ್ನಿನಲ್ಲಿ, ಒಂದು ಸಣ್ಣ ಕಂಪನಿಯಲ್ಲಿ, ಅವನು ಹದಿನಾಲ್ಕು ವರ್ಷ ಕಾರುಗಳ ಕಪ್ ಹೋಲ್ಡರ್ ಡಿಸೈನ್ ಮಾಡಿದ್ದ. ನಗಬೇಕಾಗಿಲ್ಲ. ಲೋಟ ಚೆಲ್ಲದಿರುವುದು ತಾನಾಗಿ ಆಗುವ ಕೆಲಸವಲ್ಲ, ಅದರ ಹಿಂದೆ ಒಬ್ಬ ಮನುಷ್ಯ ಕೂತಿರುತ್ತಾನೆ. ಆ ವೃತ್ತಿ ಅವನಿಗೆ ಕಲಿಸಿದ ಮಂತ್ರ ಒಂದೇ: ಮೊದಲು ಜಾಗ, ಆಮೇಲೆ ವಸ್ತು. ಕಾಫಿ ಅಂಗಡಿಯವರು ಯಾವ ಅಳತೆಯ ಲೋಟ ತರುತ್ತಾರೆಂದು ಅವರಿಗೇ ಗೊತ್ತಾಗುವ ಮುಂಚೆ ಲೋಟದ ಗುಳಿ ಸಿದ್ಧವಾಗಿರಬೇಕು. ಎರಡು ಸಾವಿರದ ಒಂಬತ್ತರ ಮಾರ್ಚಿನಲ್ಲಿ ಕಾರು ಕೊಳ್ಳುವವರೇ ಇಲ್ಲದಾದಾಗ ಕಂಪನಿ ಮೊದಲು ಗುಳಿಯನ್ನು, ಆಮೇಲೆ ಬದರೀನಾಥನನ್ನು ಕೈಬಿಟ್ಟಿತು.

ಕೆಲಸ ಹೋದದ್ದಕ್ಕಿಂತ ಅವನನ್ನು ಸುಟ್ಟದ್ದು ಒಂದು ಪ್ರಶ್ನೆ. ಯಾವ ಮನೆಗೆ ಹೋದರೂ, ಕೈಗೆ ತಟ್ಟೆ ಬರುವ ಮೊದಲೇ ಅದು ಬರುತ್ತಿತ್ತು: "ಈಗ ಏನ್ ನಡೀತಿದೆ?" ಅದಕ್ಕೆ "ಅಪ್ಲೈ ಮಾಡಿದೀನಿ" ಎಂದು ಉತ್ತರಿಸಬೇಕು. ಕೇಳಿದವರು "ಬರತ್ತೆ ಬರತ್ತೆ" ಎಂದು ಹೇಳಿ ಅನ್ನದ ಕಡೆ ಹೋಗುತ್ತಾರೆ. ಆರು ತಿಂಗಳು ಹೀಗೇ ಆಯಿತು.

ಗಣೇಶನ ಹಬ್ಬದ ಊಟ ಮೂಳೆ ಡಾಕ್ಟರ್ ಶಿವಬಸಪ್ಪನವರ ಮನೆಯ ಬೇಸ್‌ಮೆಂಟಿನಲ್ಲಿತ್ತು. ಡಾಕ್ಟರು ಹುಬ್ಬಳ್ಳಿಯವರು. ಹೊಸದಾಗಿ ಎರಡು ಪಿಸ್ತೂಲು ಕೊಂಡಿದ್ದರು. ಆಸ್ಪತ್ರೆಯಿಂದ ಬರುವ ದಾರಿ ಸರಿಯಿಲ್ಲವಂತೆ. ಅವರ ಸುತ್ತ ಗಂಡಸರೆಲ್ಲ ನೆರೆದಿದ್ದರು. ಕೆಲಸ ಕಳೆದುಕೊಂಡಿದ್ದ ಇನ್ನೊಬ್ಬ, ಸತ್ಯ ಎಂಬ ಸಾಫ್ಟ್‌ವೇರ್ ಹುಡುಗ, "ಅಪ್ಲೈ ಮಾಡಿದೀನಿ ಅಂಕಲ್" ಎಂದು ಆಗತಾನೇ ಯಾರಿಗೋ ಹೇಳಿ ಮುಗಿಸಿದ್ದ. ಡಾಕ್ಟರು ಬದರೀನಾಥನ ಕಡೆ ತಿರುಗಿದರು.

"ಏನ್ರೀ ಬದರೀನಾಥ, ಈಗ ಏನ್ ನಡಸೀರಿ?"

ಬದರೀನಾಥನ ಬಾಯಿಂದ ಬಂದ ಉತ್ತರ ಅವನಿಗೂ ಹೊಸದಾಗಿತ್ತು. "ನಾನೂ ಒಂದು ಗನ್ ತಗೋತಿದೀನಿ ಡಾಕ್ಟ್ರೇ. ಕಾರಲ್ಲಿ ಇಡೋಕೆ. ಸದ್ಯಕ್ಕೆ ಹೋಲ್ಸ್ಟರ್ ಸ್ಟಡಿ ನಡೀತಿದೆ."

ಆರು ತಿಂಗಳಲ್ಲಿ ಮೊದಲ ಬಾರಿಗೆ ಯಾರೂ ಅನ್ನದ ಕಡೆ ಹೋಗಲಿಲ್ಲ.

"ಗನ್ ತಗೊಂಡಿಲ್ಲ, ಅದನ್ನ ಇಡೂ ಹೋಲ್ಸ್ಟರ್ ಚೀಲ ನೋಡಾಕತ್ತೀರಿ?" ಎಂದರು ಡಾಕ್ಟರು.

"ಮೊದಲು ಜಾಗ, ಆಮೇಲೆ ವಸ್ತು," ಎಂದ ಬದರೀನಾಥ, ಗಂಭೀರವಾಗಿ.

ಆಡಿದ ಮಾತನ್ನು ಉಳಿಸಿಕೊಳ್ಳಬೇಕಲ್ಲ. ಮಾರನೆಯ ದಿನದಿಂದ ಸ್ಟಡಿ ನಿಜವಾಗಿಯೂ ಶುರುವಾಯಿತು. ಎಂಟು ಗಂಟೆಯ ಲೈಸೆನ್ಸ್ ಕ್ಲಾಸಿಗೆ ಹೋಗಿಬಂದ, ಬೆರಳಚ್ಚು ಕೊಟ್ಟ. ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ, ಸೀಟಿನಲ್ಲಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹನ್ನೊಂದು ಸಾಲಿನ ಒಂದು ಪಟ್ಟಿ ಮಾಡಿದ. ಸೊಂಟದ ಹೋಲ್ಸ್ಟರ್ ಎಲ್ಲಕ್ಕಿಂತ ಮೊದಲು ಫೇಲಾಯಿತು: ಸೀಟ್ ಬೆಲ್ಟ್ ಅದರ ಮೇಲೇ ಬರುತ್ತದೆ, ಕಳ್ಳನಿಗೆ "ಸ್ವಲ್ಪ ತಡೀರಿ" ಎಂದು ಬೆಲ್ಟ್ ಬಿಚ್ಚಬೇಕು. ಕಾಲಿಗೆ ಕಟ್ಟುವುದಕ್ಕೆ ಅವನ ಹೊಟ್ಟೆ ಅಡ್ಡಬಂತು. ಹೆಗಲಿನದು ಕೈ ಆಡಿಸಿದಾಗಲೆಲ್ಲ ಪಕ್ಕದ ಸೀಟಿನವರ ಮೂಗಿಗೆ ಮೊಣಕೈ ತಾಗಿಸುತ್ತಿತ್ತು. ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಹೆಂಡತಿ ಪದ್ಮಳ ರಾಜ್ಯ. ಅಲ್ಲಿ ಟಿಶ್ಯೂ ಪೇಪರು, ಕೆಚಪ್ ಪೊಟ್ಟಣ ಮತ್ತು ರಾಘವೇಂದ್ರ ಸ್ವಾಮಿಗಳು ಇದ್ದರು. ಇನ್ನು ಎರಡು ಸೀಟುಗಳ ನಡುವೆ ಅವನದೇ ಡಿಸೈನಿನ ಕಪ್ ಹೋಲ್ಡರ್ ಇತ್ತು. ಅದರಲ್ಲಿ ಪಿಸ್ತೂಲು ತುರುಕಲು ಅವನ ಮನಸ್ಸು ಒಪ್ಪಲಿಲ್ಲ.

ಉಳಿದದ್ದು ಒಂದೇ ಜಾಗ, ಸ್ಟಿಯರಿಂಗ್ ಕೆಳಗೆ, ಬಲ ಮೊಣಕಾಲಿನ ಹತ್ತಿರ. ಅದಕ್ಕೊಂದು ಗಟ್ಟಿ ಚರ್ಮದ ಹೋಲ್ಸ್ಟರ್ ತರಿಸಿದ. ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಇಲ್ಲದಿದ್ದರೆ ಮೊಣಕಾಲು ತಾಗಿ ಅನಾಹುತ ಎಂದು ಕ್ಲಾಸಿನಲ್ಲಿ ಹೇಳಿದ್ದರು.

ಪಾರ್ಸೆಲ್ ಒಡೆದಾಗ ಪದ್ಮ ಪಕ್ಕದಲ್ಲೇ ಇದ್ದಳು. ಅವಳು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಸದ್ಯಕ್ಕೆ ಮನೆ ನಡೆಯುತ್ತಿದ್ದುದು ಅವಳಿಂದ.

"ಚೆನ್ನಾಗಿದೆ," ಎಂದಳು. "ಕೂಸು ಹುಟ್ಟೋಕ್ ಮುಂಚೆ ಕುಲಾವಿ."

"ಟೆಸ್ಟಿಂಗ್ ಮಾತ್ರ ಕಣೇ. ಗನ್ ಆಮೇಲೆ—"

"ಆ ಪದ ಈ ಮನೇಲಿ ಎತ್ತಬೇಡಿ. ಫೋನಲ್ಲಂತೂ ಎತ್ತಲೇಬೇಡಿ. ನಮ್ಮಂಥವರು ಫೋನಲ್ಲಿ ಹಾಗಂದ್ರೆ ಎಲ್ಲೆಲ್ಲಿ ಕೇಳಿಸ್ಕೊಳ್ತಾರೋ. ಕೂಸು ಅನ್ನಿ. ಅದು ಕೂಸು, ಇದು ಕುಲಾವಿ. ಮತ್ತೆ ಆ ಕೂಸು ಬಂದ್ರೆ ಗ್ಯಾರೇಜಲ್ಲೇ ಇರ್ಬೇಕು. ಒಳಗೆ ಬಂದ್ರೆ ನಾನು ಹೊರಗೆ."

ಹತ್ತನೇ ಕ್ಲಾಸಿನ ಮಗಳು ಇಂಚರ "ಡ್ಯಾಡ್, ದಿಸ್ ಈಸ್ ಸೋ ಎಂಬ್ಯಾರಸಿಂಗ್" ಎಂದು ಹೇಳಿ ಅವತ್ತಿನಿಂದ ಮಾತು ಬಿಟ್ಟಳು. ಬದರೀನಾಥ ಈ ಹೊಸ ನಿಘಂಟನ್ನು ಡಾಕ್ಟರಿಗೂ ಫೋನು ಮಾಡಿ ತಿಳಿಸಿದ. ಡಾಕ್ಟರು ಟಿವಿಯಲ್ಲಿ ಕ್ರಿಕೆಟ್ ನೋಡುತ್ತ "ಹೌದ್ರಿ, ಹೌದ್ರಿ" ಅಂದರು. ಡಾಕ್ಟರ ಹೆಂಡತಿ ಗುರುದೇವಿಗೂ ತಿಳಿದಿರುತ್ತದೆಂದು ಪದ್ಮ ಭಾವಿಸಿದಳು. ಗಂಡ ಹೆಂಡತಿಗೆ ಎಲ್ಲವನ್ನೂ ಹೇಳುತ್ತಾನೆಂದು ನಂಬುವ ಕಾಲ ಅವಳ ಪಾಲಿಗೆ ಇನ್ನೂ ಮುಗಿದಿರಲಿಲ್ಲ.

ಕೂಸಿಲ್ಲದೆ ಕುಲಾವಿಯನ್ನು ಪರೀಕ್ಷಿಸುವುದು ಹೇಗೆ? ಅಷ್ಟೇ ತೂಕದ ಡಮ್ಮಿ ಬೇಕು. ಬದರೀನಾಥ ಅಡುಗೆಮನೆಯ ಸಾಮಾನುಗಳನ್ನೆಲ್ಲ ತಕ್ಕಡಿಗೆ ಹಾಕಿದ. ಅತ್ತೆ ಕೊಟ್ಟಿದ್ದ ಹಿತ್ತಾಳೆಯ ಚಕ್ಕುಲಿ ಒರಳು ಸರಿಯಾಗಿ ಎರಡು ಪೌಂಡು ತೂಗಿತು. ಅದನ್ನು ಹೋಲ್ಸ್ಟರಿನಲ್ಲಿ ತಲೆಕೆಳಗಾಗಿ ಕೂರಿಸಿ, ಹಳ್ಳ ಬಿದ್ದ ರಸ್ತೆಗಳಲ್ಲೆಲ್ಲ ಕಾರು ಓಡಿಸಿದ. ಮೂರನೆಯ ಹಳ್ಳಕ್ಕೆ ಒರಳು ಬ್ರೇಕಿನ ಮೇಲೆ ಬಿತ್ತು. ಆಗ ಅವನೊಳಗಿನ ಹದಿನಾಲ್ಕು ವರ್ಷದ ಎಂಜಿನಿಯರು ಎದ್ದು ಕೂತ. ಒಂದು ವಾರ ಗ್ಯಾರೇಜಿನಲ್ಲಿ ಹಳೆಯ ಬಕಲ್ಲು, ಸ್ಪ್ರಿಂಗು ಇಟ್ಟುಕೊಂಡು ತಿದ್ದಿ ತೀಡಿ ಒಂದು ಕೊಂಡಿ ಮಾಡಿದ: ಎಷ್ಟು ಜಗ್ಗಿದರೂ ಬಿಡುವುದಿಲ್ಲ, ಒಂಚೂರು ಬಲಕ್ಕೆ ತಿರುಗಿಸಿ ಎಳೆದರೆ ಒಂದೇ ಕೈಗೆ ಬರುತ್ತದೆ. ಆ ವಾರ ಅವನು ಮೂರು ಹೊತ್ತೂ ಹಸಿದು ಉಂಡ. ಪದ್ಮ ಅದನ್ನು ಗಮನಿಸಿ, ಬಯ್ಯುವುದನ್ನು ಸ್ವಲ್ಪ ಕಡಿಮೆ ಮಾಡಿದಳು.

ಅಷ್ಟರಲ್ಲಿ ಗುರುದೇವಿಯ ಫೋನು ಬಂತು.

"ಏನ್ ನಡಸೀರಿ ಪದ್ಮಾ?"

"ಏನಿಲ್ಲ ಆಂಟಿ. ಕುಲಾವಿ ಬಂತು. ಇವರು ಗ್ಯಾರೇಜಲ್ಲಿ ಕೂತ್ಕೊಂಡು ಅದನ್ನೇ ಕಟ್ಟಿ ಕಟ್ಟಿ ನೋಡ್ತಿದಾರೆ."

ಆ ಕಡೆ ಗುರುದೇವಿ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. "ಕುಲಾವಿ ಬಂತಾ? ಮತ್ತ... ಕೂಸು?"

ಗೊತ್ತಿರುವವರೇ ತಾನೇ ಎಂದು ಪದ್ಮ ಮನಸ್ಸು ಬಿಚ್ಚಿದಳು. "ಅದಿನ್ನೂ ಟೈಮ್ ಇದೆ. ನನಗಂತೂ ಸುತರಾಂ ಇಷ್ಟ ಇರ್ಲಿಲ್ಲ ಆಂಟಿ. ಈ ವಯಸ್ಸಲ್ಲಿ ಯಾಕೆ ಬೇಕಿತ್ತು ಹೇಳಿ? ಇವರದೇ ಹಠ."

"ಇಂಚರಾ ಏನಂತಾಳ?"

"ಮಾತೇ ಬಿಟ್ಟಿದಾಳೆ. ಫ್ರೆಂಡ್ಸಿಗೆ ಗೊತ್ತಾದ್ರೆ ಮರ್ಯಾದೆ ಹೋಗತ್ತಂತೆ. ಏನ್ ಮಾಡೋದು, ಏಳು ತಿಂಗಳಾಯ್ತಲ್ಲ, ಇನ್ನು ಸುಧಾರಿಸ್ಕೊಂಡು ಹೋಗಬೇಕು."

ಏಳು ತಿಂಗಳು ಎಂದದ್ದು ಗಂಡನ ಕೆಲಸ ಹೋದ ಲೆಕ್ಕ. ಗುರುದೇವಿ ಬೇರೆ ಲೆಕ್ಕ ಹಾಕಿದರು. ಆಕೆ ಬುದ್ಧಿವಂತೆ, ಆದ್ದರಿಂದ ಫೋನಿನಲ್ಲಿ ಏನೂ ಕೇಳಲಿಲ್ಲ. "ಹೊಟ್ಟಿ ತುಂಬ ಉಣ್ರಿ. ಭಾರ ಎತ್ತಬ್ಯಾಡ್ರಿ" ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ಒಂದೂವರೆ ಗಂಟೆ ಅವರ ಫೋನು ಬಿಡುವಾಗಲಿಲ್ಲ.

"ಕಂಡೇ ಇಲ್ವಲ್ರೀ ಹೊಟ್ಟೆ?" ಎಂದು ಒಬ್ಬರು ಕೇಳಿದರಂತೆ. "ಚಳಿಗಾಲ ಬಂತಲ್ರೀ, ಕೋಟ್ ಹಾಕ್ಕೋತಾಳ" ಎಂದು ಗುರುದೇವಿ ತೀರ್ಪು ಕೊಟ್ಟರು.

ಮರುದಿನದಿಂದ ಬದರೀನಾಥನ ಮನೆ ಬಾಗಿಲಿಗೆ ಡಬ್ಬಿಗಳು ಬರತೊಡಗಿದವು. ಶೇಂಗಾ ಹೋಳಿಗೆ, ಎಣಗಾಯಿ, ಪುಳಿಯೋಗರೆ, ಒಬ್ಬರಂತೂ ಮಾವಿನಕಾಯಿ ಉಪ್ಪಿನಕಾಯಿಯನ್ನೇ ಎರಡು ಜಾಡಿ ತಂದಿಟ್ಟರು. ಬಂದವರೆಲ್ಲ ಪದ್ಮಳ ಬೆನ್ನು ಸವರಿ ಹೋದರು. ಕೆಲಸ ಹೋದವರ ಮನೆಯೆಂದು ಇಷ್ಟು ಅಂತಃಕರಣವೇ ಎಂದು ಪದ್ಮ ಒಂದು ದಿನ ಸಿಂಕಿನ ಮುಂದೆ ನಿಂತು ಅತ್ತಳು. ಹೊರಟು ನಿಂತಿದ್ದ ಗುರುದೇವಿ ಅದನ್ನು ಕಂಡು, "ಈ ಟೈಮಿನ್ಯಾಗ ಕಣ್ಣೀರು ಚಲೋ ಅಲ್ಲವಾ. ಶುಕ್ರವಾರ ಸಂಜಿ ನಮ್ಮನ್ಯಾಗ ಕುಬಸ ಐತಿ, ಹಸರು ಸೀರಿ ಉಟ್ಕೊಂಡ್ ಬಾ" ಎಂದರು.

ಮೈಸೂರಿನ ಪದ್ಮಳಿಗೆ ಕುಬಸ ಅಂದರೆ ರವಿಕೆ ಎಂದಷ್ಟೇ ಗೊತ್ತು. ಅರಿಶಿನ ಕುಂಕುಮಕ್ಕೆ ಕರೆದು ರವಿಕೆ ಕಣ ಕೊಡುತ್ತಾರೇನೋ ಎಂದುಕೊಂಡಳು. ಹುಬ್ಬಳ್ಳಿ ಧಾರವಾಡದ ಕಡೆ ಸೀಮಂತಕ್ಕೇ ಕುಬಸ ಎನ್ನುತ್ತಾರೆಂದು ಅವಳಿಗೆ ಹೇಳುವವರು ಯಾರು?

ಗುರುದೇವಿ ಅಷ್ಟಕ್ಕೇ ನಿಲ್ಲಲಿಲ್ಲ. ರಾತ್ರಿ ಊಟಕ್ಕೆ ಕೂತ ಗಂಡನನ್ನು ಹಿಡಿದರು. "ಬಸುರಿ ಹೆಂಡ್ತಿ, ಕೆಲಸಿಲ್ಲದ ಗಂಡ. ನೀವು ಗನ್ ಒರಸ್ಕೋತ ಕುಂತೀರಿ. ನಿಮ್ಮ ಕೇಶವ್‌ಗ ಒಂದ್ ಫೋನ್ ಹಚ್ರಿ."

ಕೇಶವ್ ಶಿಕಾಗೋದ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನ ಒಂದು ಕಂಪನಿಯಲ್ಲಿ ಎಂಜಿನಿಯರಿಂಗ್ ಮ್ಯಾನೇಜರು, ಬೆಂಗಳೂರಿನವನು. ಅವನ ತಾಯಿಯ ಮಂಡಿ ಬದಲಿಸಿದವರು ಶಿವಬಸಪ್ಪನವರು, ಆ ಮಂಡಿ ಇವತ್ತಿಗೂ ಅವನ ಪ್ಲೇನ್‌ಫೀಲ್ಡಿನ ಮನೆಯ ಮೆಟ್ಟಿಲು ಹತ್ತುತ್ತಿದೆ. ಮಂಡಿಯ ಋಣ ದೊಡ್ಡದು. ಶುಕ್ರವಾರ ಬೆಳಿಗ್ಗೆಗೆ ಇಂಟರ್ವ್ಯೂ ಗೊತ್ತಾಯಿತು. ಬದರೀನಾಥ ಹೊಸ ಕೋಟು ಹೊಲಿಸಿಕೊಂಡು, ಕತ್ತಲಿರುವಾಗಲೇ ಹೊರಟು, ಮೂರು ರಾಜ್ಯಗಳ ಹಳ್ಳಗಳನ್ನು ದಾಟಿ ಎಲ್ಕ್ ಗ್ರೋವ್ ತಲುಪಿದ. ಸ್ಟಿಯರಿಂಗ್ ಕೆಳಗೆ ಚಕ್ಕುಲಿ ಒರಳು ಕದಲಲಿಲ್ಲ.

ಮೊದಲ ಎರಡು ಗಂಟೆ ಇಂಗ್ಲಿಷಿನಲ್ಲಿ ಸರಿಯಾಗಿಯೇ ಕಳೆದವು. ಕೊನೆಯ ಅರ್ಧ ಗಂಟೆ ಕೇಶವನೊಬ್ಬನೇ ಇದ್ದ. ಅವನು ಬಾಗಿಲು ಮುಚ್ಚಿ, ಕನ್ನಡಕ್ಕೆ ಇಳಿದ.

"ಕಂಗ್ರಾಜುಲೇಷನ್ಸ್ ಬದರಿಯವರೇ. ಶಿವಬಸಪ್ಪ ಸರ್ ಹೇಳಿದ್ರು. ಮನೆಗೆ ಕೂಸು ಬರ್ತಿದೆಯಂತೆ."

ಬದರೀನಾಥ ಬೆಚ್ಚಿದ. ಡಾಕ್ಟರು ನಿಘಂಟನ್ನು ಇಲ್ಲಿಗೂ ಕಳಿಸಿದ್ದಾರೆ. ಇರಲಿ, ಸತ್ಯವಂತನಿಗೆ ಭಯವೇಕೆ? "ಹೌದು ಸರ್. ಇನ್ನೂ ಲೈಸೆನ್ಸ್ ಬರ್ಬೇಕು. ಬೆರಳಚ್ಚು ಕೊಟ್ಟಿದೀನಿ, ಕ್ಲಾಸ್ ಮುಗ್ಸಿದೀನಿ."

ಕೇಶವ್ ಕಣ್ಣು ಕಿರಿದು ಮಾಡಿದ. ಬಸುರಿ ಎಂದು ಡಾಕ್ಟರು ಹೇಳಿದ್ದರು. ಇದು ನೋಡಿದರೆ ದತ್ತು ಇದ್ದಹಾಗಿದೆ. ದೊಡ್ಡ ಮನಸ್ಸಿನವರು ಎಂದುಕೊಂಡ. "ಎಲ್ಲಿಂದ ತರ್ತಿದೀರಾ? ಇಂಡಿಯಾದಿಂದಾನಾ?"

"ಇಂಡಿಯಾದ್ದು ನಂಬೋಕಾಗಲ್ಲ ಸರ್. ಆಸ್ಟ್ರಿಯಾದ್ದು ನೋಡಿದೀನಿ. ಹಗುರ. ಕೆಸರಲ್ಲಿ ಬಿದ್ರೂ ಏನೂ ಆಗಲ್ಲ."

ಕೇಶವ್ ನೀರು ಕುಡಿದ. "ಎತ್ಕೊಂಡು ನೋಡಿದೀರಾ?"

"ಶಿವಬಸಪ್ಪನವರ ಹತ್ರ ಎರಡಿದೆಯಲ್ಲ, ಒಂದನ್ನ ಕೈಗೆ ಕೊಟ್ಟಿದ್ರು. ಇನ್ನೊಂದು ಅವರ ಮಂಚದ ಪಕ್ಕ ಡ್ರಾಯರಲ್ಲೇ ಇರತ್ತೆ. ಬೀಗ ಹಾಕಿರ್ತಾರೆ."

ಡಾಕ್ಟರಿಗೆ ಇಬ್ಬರು ಗಂಡುಮಕ್ಕಳೆಂದು ಕೇಶವನಿಗೆ ಗೊತ್ತಿತ್ತು. ಹಿರಿಯವನು ಆರಡಿ ಎತ್ತರದ ಹಲ್ಲಿನ ವೈದ್ಯ. ಅವನು ಡ್ರಾಯರಿನಲ್ಲಿ ಹೇಗೆ ಹಿಡಿಸುತ್ತಾನೆಂದು ಕೇಶವ್ ಸ್ವಲ್ಪ ಹೊತ್ತು ಯೋಚಿಸಿ, ಕೈಬಿಟ್ಟು, ಕೆಲಸದ ಮಾತಿಗೆ ಬಂದ.

"ಇರ್ಲಿ. ನಮ್ಮ ಕಂಪನಿ ಮಾಡೋದು ಮಕ್ಕಳ ಕಾರ್ ಸೀಟು, ನಿಮಗೆ ಗೊತ್ತೇ ಇದೆ. ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಕೂಸನ್ನೇ ತಗೊಳಿ. ಕಾರಲ್ಲಿ ಎಲ್ಲಿ, ಹೇಗೆ ಕೂರಿಸ್ತೀರಿ?"

ಏಳು ತಿಂಗಳಲ್ಲಿ ಯಾರೂ ಬದರೀನಾಥನಿಗೆ ಅವನು ಬಲ್ಲದ್ದನ್ನು ಕೇಳಿರಲಿಲ್ಲ. ಅವನ ಬೆನ್ನು ನೆಟ್ಟಗಾಯಿತು.

"ಎಲ್ಲಾ ಪೊಸಿಷನ್ ಟೆಸ್ಟ್ ಮಾಡಿದೀನಿ ಸರ್. ಸೊಂಟಕ್ಕೆ ಕಟ್ಕೊಂಡ್ರೆ ಬೆಲ್ಟ್ ಅಡ್ಡ ಬರತ್ತೆ. ಕಾಲಿಗೆ ಕಟ್ಟಿದ್ರೆ ಬಗ್ಗೋಕಾಗಲ್ಲ. ಡ್ಯಾಶ್‌ಬೋರ್ಡ್ ಪೆಟ್ಟಿಗೇಲಿ ಹಾಕಿ ಮುಚ್ಚೋಣ ಅಂದ್ರೆ ಪದ್ಮಂದು ಕೆಚಪ್ ಇದೆ. ಕೊನೆಗೆ ಸ್ಟಿಯರಿಂಗ್ ಕೆಳಗೆ ಫಿಕ್ಸ್ ಮಾಡ್ದೆ. ತಲೆಕೆಳಗಾಗಿ."

"ತಲೆಕೆಳಗಾಗಿ," ಎಂದ ಕೇಶವ್.

"ಆಗ್ಲೇ ಒಂದೇ ಕೈಲಿ ಎಳೆಯೋಕೆ ಬರೋದು ಸರ್."

ಕೇಶವ್ ಎರಡು ಮಕ್ಕಳ ತಂದೆ. ಪೆನ್ನು ಕೆಳಗಿಟ್ಟ. "ಇದಕ್ಕೆ ಪದ್ಮಾ ಅವರು ಒಪ್ಪಿದಾರಾ?"

"ಅವಳು ಮನೆಯೊಳಗೇ ಸೇರ್ಸಲ್ಲ ಅಂತಿದಾಳೆ ಸರ್. ಗ್ಯಾರೇಜಲ್ಲೇ ಬಿದ್ದಿರ್ಲಿ ಅಂತ. ಡಮ್ಮಿ ಕಾರಲ್ಲೇ ಇದೆ, ತಂದು ತೋರಿಸ್ಲಾ?"

ಬೇಡ ಎನ್ನುವಷ್ಟರಲ್ಲಿ ಬದರೀನಾಥ ಓಡಿದ್ದ. ಮರಳಿ ಬಂದು ಮೇಜಿನ ಮೇಲೆ ಚರ್ಮದ ಹೋಲ್ಸ್ಟರ್ ಇಟ್ಟ. ಅದರೊಳಗಿಂದ ಹಿತ್ತಾಳೆಯ ಒರಳಿನ ಹಿಡಿ ಹೊರಗೆ ಇಣುಕುತ್ತಿತ್ತು.

"ಇದು ಚಕ್ಕುಲಿ ಒರಳು," ಎಂದ ಕೇಶವ್ ನಿಧಾನವಾಗಿ.

"ತೂಕ ಒಂದೇ ಸರ್. ಅದಕ್ಕೆ ಗುಂಡು ತುಂಬಿದ್ರೆ ಮಾತ್ರ ಸ್ವಲ್ಪ ಜಾಸ್ತಿಯಾಗತ್ತೆ."

ಕೇಶವ್ ಹೋಲ್ಸ್ಟರನ್ನು ನೋಡಿದ, ಬದರೀನಾಥನನ್ನು ನೋಡಿದ, ಎದ್ದು ಹೋಗಿ ಬಾಗಿಲು ಮುಚ್ಚಿದೆಯೇ ಎಂದು ಇನ್ನೊಮ್ಮೆ ನೋಡಿದ.

"ಬದರಿಯವರೇ, ನೀವು ಕೂಸು ಅಂತಿರೋದು ಗನ್ನಿಗಾ?"

"ಮತ್ತೆ ನೀವು?"

"ನಾನು ಕೂಸು ಅಂತಿರೋದು ಕೂಸಿಗೆ. ಪದ್ಮಾ ಅವರಿಗೆ ಏಳು ತಿಂಗಳು ಅಂತ ಶಿವಬಸಪ್ಪ ಸರ್ ಹೇಳಿದ್ರು. ಇವತ್ತು ಸಂಜೆ ಸೀಮಂತ ಅಂತೆ. 'ಸಂಸಾರ ದೊಡ್ಡದಾಗ್ತಿದೆ, ನೋಡಪ್ಪಾ' ಅಂದ್ರು, ಅದಕ್ಕೇ ಕರೆಸಿದ್ದು."

ಬದರೀನಾಥನಿಗೆ ಡಬ್ಬಿಗಳು, ಹೋಳಿಗೆ, ಎರಡು ಜಾಡಿ ಉಪ್ಪಿನಕಾಯಿ ಒಂದೊಂದಾಗಿ ಅರ್ಥವಾದವು. ಕೆಲಸ ಸಿಗುವ ಮುಂಚೆಯೇ ಹೋಯಿತು ಎಂದುಕೊಂಡ. ಕಣ್ಣು ಮಂಜಾಯಿತು. ಹೋಲ್ಸ್ಟರಿಗೆ ಕೈ ಚಾಚಿದ. ಆದರೆ ಅದು ಕೇಶವನ ಕೈಯಲ್ಲಿತ್ತು. ಅವನು ಒರಳನ್ನು ಹಿಡಿದು ಜಗ್ಗುತ್ತಿದ್ದ. ಬರಲಿಲ್ಲ. ಹೋಲ್ಸ್ಟರನ್ನು ಕಾಲಲ್ಲಿ ಒತ್ತಿಹಿಡಿದು ಎರಡು ಕೈಯಲ್ಲಿ ಜಗ್ಗಿದ. ಆಗಲೂ ಬರಲಿಲ್ಲ.

"ಹಾಗಲ್ಲ ಸರ್," ಎಂದ ಬದರೀನಾಥ, ಮೂಗು ಒರೆಸಿಕೊಳ್ಳುತ್ತ. "ಒಂಚೂರು ಬಲಕ್ಕೆ ತಿರುಗಿಸಿ, ಎಳೀರಿ."

ಒರಳು ಒಂದೇ ಬೆರಳಿಗೆ ಬಂತು. ಕೇಶವ್ ಅದನ್ನು ಮತ್ತೆ ತೂರಿಸಿ, ಮತ್ತೆ ತೆಗೆದ. ಆರು ಸಲ ಹಾಗೆ ಮಾಡಿದ. ಅವನ ಕಂಪನಿಗೆ ಎರಡು ವರ್ಷದಿಂದ ಒಂದೇ ತಲೆನೋವು: ಸೀಟಿನ ಬಕಲ್ಲನ್ನು ಮಕ್ಕಳು ತೆಗೆಯುತ್ತಾರೆ, ತಾಯಂದಿರಿಗೆ ತೆಗೆಯಲು ಬರುವುದಿಲ್ಲ. ಅವನು ಫೋನು ಮಾಡಿ ಇನ್ನಿಬ್ಬರು ಎಂಜಿನಿಯರುಗಳನ್ನು ಕರೆಸಿದ. ಅವರೂ ಜಗ್ಗಿದರು, ತಿರುಗಿಸಿದರು. ಇದೇನು ಉಪಕರಣ ಎಂದು ಅವರಲ್ಲೊಬ್ಬ ಕೇಳಿದ್ದಕ್ಕೆ ಕೇಶವ್ "ಟ್ರೆಡಿಷನಲ್ ಟೆಸ್ಟ್ ಡಮ್ಮಿ" ಎಂದ.

ಅವರು ಹೋದ ಮೇಲೆ ಕೈ ಕುಲುಕಿ ಹೇಳಿದ: "ಸೋಮವಾರ ಬನ್ನಿ. ಆದ್ರೆ ಇದು ಇಲಿನಾಯ್. ಕಾರಲ್ಲಿ ಆ ಕೂಸು ಇಟ್ಕೊಂಡ್ರೆ ಒಳಗೆ ಹಾಕ್ತಾರೆ. ನಮಗೆ ಕುಲಾವಿ ಸಾಕು."

ಶಿಕಾಗೋದಿಂದ ಡೆಟ್ರಾಯಿಟ್ಟಿಗೆ ಹೋಗುವಾಗ ಕಾಲವಲಯ ಬದಲಾಗಿ ಗಡಿಯಾರದಲ್ಲಿ ಒಂದು ಗಂಟೆ ಸುಮ್ಮನೆ ಕಳೆದುಹೋಗುತ್ತದೆ. ಬದರೀನಾಥ ದಾರಿಯುದ್ದಕ್ಕೂ ಪದ್ಮಳಿಗೆ ಫೋನು ಮಾಡಿದ, ಅವಳು ಎತ್ತಲಿಲ್ಲ. ಡಾಕ್ಟರ ಬೇಸ್‌ಮೆಂಟಿಗೆ ಅವನು ಹೋಲ್ಸ್ಟರ್ ಸಮೇತ ಓಡಿ ಇಳಿದಾಗ ಆಗಲೇ ತಡವಾಗಿತ್ತು.

ಪದ್ಮ ಮಣೆಯ ಮೇಲೆ ಕೂತಿದ್ದಳು. ಎರಡೂ ಕೈಗೆ ಮೊಣಕೈವರೆಗೆ ಹಸಿರು ಬಳೆ, ಮಡಿಲಲ್ಲಿ ತೆಂಗಿನಕಾಯಿ. ಪಕ್ಕದಲ್ಲಿ ರಿಬ್ಬನ್ ಕಟ್ಟಿದ ಹೊಸ ಕಾರ್ ಸೀಟು, ಎಲ್ಲರೂ ಸೇರಿ ತಂದ ಉಡುಗೊರೆ. ಮೂವತ್ತು ಜನ ಸುತ್ತ ನಿಂತಿದ್ದರು. ಗುರುದೇವಿ ಆರತಿ ತಟ್ಟೆ ಹಿಡಿದಿದ್ದರು. ವಿಷಯ ಅರ್ಥವಾಗಿ ಪದ್ಮಳಿಗೆ ಐದು ನಿಮಿಷವಾಗಿತ್ತು ಅಷ್ಟೆ, ಅವಳ ಮುಖ ಬಿಳುಚಿಕೊಂಡಿತ್ತು. ಗನ್ ಎಂದರೆ ಗಂಡನ ಮಾನ ಹೋಗುತ್ತದೆ. ಏನೂ ಇಲ್ಲ ಎಂದರೆ ಇಷ್ಟು ಮಾಡಿದ ಗುರುದೇವಿಯ ಮಾನ ಹೋಗುತ್ತದೆ. ಅವಳು ಬದರೀನಾಥನ ಮುಖ ನೋಡಿದಳು.

"ಸಿಕ್ತು ಕಣೇ," ಎಂದ ಅವನು, ಏದುಸಿರು ಬಿಡುತ್ತ. "ಸೋಮವಾರದಿಂದ."

ಪದ್ಮ ಒಂದು ಉಸಿರು ಎಳೆದುಕೊಂಡಳು. "ಗುರುದೇವಿ ಆಂಟಿ, ತಪ್ಪು ತಿಳೀಬೇಡಿ. ನಮ್ಮನೇಲಿ ಕೂಸು ಅಂದ್ರೆ ಇವರ ಕೆಲಸ. ಏಳು ತಿಂಗಳಾಯ್ತು ಅಂದಿದ್ದು ಅದಕ್ಕೇ. ಬಾಯಿಬಿಟ್ಟು ಕೆಲಸ ಕೆಲಸ ಅಂದ್ರೆ ಎಲ್ಲಿ ದೃಷ್ಟಿಯಾಗತ್ತೋ ಅಂತ ಹಾಗೆ ಕರೀತಿದ್ವಿ."

ಗುರುದೇವಿ ಪದ್ಮಳ ಹೊಟ್ಟೆಯ ಕಡೆ ನೋಡಿದರು. "ಮತ್ತ ಕುಲಾವಿ?"

"ಇಂಟರ್ವ್ಯೂಗೆ ಹೊಲಿಸಿದ ಕೋಟು."

"ಅಲ್ರೀ," ಎಂದರು ಮೂಲೆಯಿಂದ ಶಿವಬಸಪ್ಪನವರು, ಬದರೀನಾಥನ ಕೈಯ ಹೋಲ್ಸ್ಟರ್ ನೋಡುತ್ತ. ಅವರಿಗೆ ಹಳೆಯ ಕ್ರಿಕೆಟ್ ಮ್ಯಾಚಿನ ನಡುವಿನ ಯಾವುದೋ ಫೋನು ನೆನಪಿಗೆ ಬರುತ್ತಿತ್ತು. "ಕೂಸು ಅಂದ್ರ ಅದಲ್ಲೇನ್ರಿ, ನೀವು ಅವತ್ತ..."

ಬದರೀನಾಥ ಅವರ ಕಾಲು ತುಳಿದ. ಡಾಕ್ಟರು ಮೂಳೆ ತಜ್ಞರು, ಯಾವ ಮೂಳೆಗೆ ಪೆಟ್ಟಾಯಿತೆಂದು ಅವರಿಗೆ ತಕ್ಷಣ ಗೊತ್ತಾಗಿ ಸುಮ್ಮನಾದರು.

ಗುರುದೇವಿ ಕೈಯ ಆರತಿಯನ್ನು, ಬಳೆಯ ಬುಟ್ಟಿಯನ್ನು ನೋಡಿದರು. ಹಚ್ಚಿದ ಆರತಿಯನ್ನು ಹಾಗೇ ಇಳಿಸಬಾರದು. ತಂದ ಬಳೆಯನ್ನು ವಾಪಸು ಒಯ್ಯಬಾರದು. ಮಾಡಿದ ಅಡುಗೆಯಂತೂ ಮೂವತ್ತು ಜನಕ್ಕೆ ಇತ್ತು. "ಹಂಗಾರ ಏಳು ತಿಂಗಳು ಹೊತ್ತವ್ರು ಇವ್ರ ಅಂದಂಗಾತು," ಎಂದು ಕೊನೆಗೆ ಹೇಳಿದರು. "ಪದ್ಮಾ, ಏಳವಾ. ಬದರೀನಾಥ ಅವ್ರ, ಬರ್ರಿ, ಕುಂದರ್ರಿ."

ಬದರೀನಾಥ ಹೊಸ ಕೋಟಿನಲ್ಲಿ ಮಣೆಯ ಮೇಲೆ ಕೂತ. ಅವನ ಹಣೆಗೆ ಕುಂಕುಮ ಬಂತು, ಮಡಿಲಿಗೆ ತೆಂಗಿನಕಾಯಿ ಬಂತು, ದೊಡ್ಡ ಅಳತೆಯ ಎರಡು ಹಸಿರು ಬಳೆ ಕಷ್ಟಪಟ್ಟು ಕೈಯೇರಿದವು. ಹೆಂಗಸರು ನಗುನಗುತ್ತ ಹಾಡು ಶುರುಮಾಡಿದರು, ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕೆಲವರು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ಆ ಬೇಸ್‌ಮೆಂಟಿನಲ್ಲಿ ಎಷ್ಟು ಮನೆಗಳಲ್ಲಿ ಯಾರು ಯಾರು ಎಷ್ಟೆಷ್ಟು ತಿಂಗಳು ಹೊತ್ತಿದ್ದರೋ, ಯಾರೂ ಹೇಳಿಕೊಂಡವರಲ್ಲ. ಇಂಚರ ಅಪ್ಪನ ಫೋಟೋ ತೆಗೆದು, "ಓಕೆ, ದಿಸ್ ಈಸ್ ವರ್ಸ್" ಎಂದಳು. ಮೂರು ವಾರಗಳಲ್ಲಿ ಅವಳು ಅಪ್ಪನಿಗೆ ಆಡಿದ ಮೊದಲ ಮಾತು ಅದು.

ಆರತಿ ಮುಗಿಯಿತು. ಜನ ಊಟದ ಕಡೆ ತಿರುಗುತ್ತಿದ್ದಾಗ, ಗೋಡೆಗೊರಗಿ ನಿಂತಿದ್ದ ಸಾಫ್ಟ್‌ವೇರ್ ಹುಡುಗ ಸತ್ಯ ಮೆಲ್ಲಗೆ ಮುಂದೆ ಬಂದ. ಗುರುದೇವಿಯ ಹತ್ತಿರ ನಿಂತು, ಬಳೆಯ ಬುಟ್ಟಿಯನ್ನು ನೋಡುತ್ತ, ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದ:

"ಆಂಟಿ, ನನಗೀಗ ಐದು ತಿಂಗಳು."

ಗುರುದೇವಿ ಅವನ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ಬತ್ತಿಗೆ ಇನ್ನಷ್ಟು ತುಪ್ಪ ಹಾಕಿ, ಇನ್ನೂ ಮಣೆಯ ಮೇಲಿದ್ದ ಬದರೀನಾಥನ ಕಡೆ ತಿರುಗಿದರು.

"ಏಳ್ರಿ," ಎಂದರು. "ಮಣಿ ಬಿಡ್ರಿ."